ಯಾರನ್ನು ಹೊರಗೆ ಹಾಕಬೇಕಿತ್ತು?

ಕಳೆದ ತಿಂಗಳು ಸಂಘದ ಚಂದಾ ವಸೂಲಿಗೆಂದು ನಾವು ಹೊನ್ನಾಳಿ, ಚನ್ನಗಿರಿ, ನ್ಯಾಮತಿ, ಜಗಳೂರು ಈ ನಾಲ್ಕು ತಾಲ್ಲೂಕುಗಳನ್ನು ಸುತ್ತಿ ಬಂದೆವು. ಚಂದಾ ಎಷ್ಟು ಬಂತೆಂಬುದನ್ನು ಖಜಾಂಚಿಗಳು ಬೇರೆಯಾಗಿ ಹೇಳುತ್ತಾರೆ. ನಾವು ಇಲ್ಲಿ ಹೇಳಹೊರಟಿರುವುದು ದಾರಿಯಲ್ಲಿ ಕೈಗೆ ಸಿಕ್ಕ ಒಂದು ಪ್ರಶ್ನೆಯ ವಿಷಯ.

ಹೊನ್ನಾಳಿಯ ಬಸ್ ನಿಲ್ದಾಣದ ಹತ್ತಿರ ಒಂದು ಚಹಾದಂಗಡಿ. ನಾಲ್ಕಾರು ಹುಡುಗರು ಒಂದೇ ಮೊಬೈಲಿನ ಮೇಲೆ ತಲೆ ಬಗ್ಗಿಸಿಕೊಂಡು ಜಗಳವಾಡುತ್ತಿದ್ದರು. ಕ್ರಿಕೆಟ್ ಇರಬೇಕೆಂದುಕೊಂಡೆವು. ಅಲ್ಲ; ಅಮೆರಿಕಾದ ಒಂದು ಹಳೆಯ ಟೆಲಿವಿಷನ್ ಕಾರ್ಯಕ್ರಮದ ತುಣುಕು. ಹೆಸರು ‘ದಿ ಅಪ್ರೆಂಟಿಸ್’. ಧಣಿಯ ಕುರ್ಚಿಯಲ್ಲಿ ಕುಳಿತು ಬೆರಳು ತೋರಿಸುತ್ತಿದ್ದವರು ಡೊನಾಲ್ಡ್ ಟ್ರಂಪ್. “ಅವನನ್ನು ತೆಗೆದದ್ದು ಸರಿ” ಎಂದು ಒಬ್ಬ. “ಅವನನ್ನಲ್ಲ, ಆ ಲೀಡರಮ್ಮನನ್ನು ತೆಗೆಯಬೇಕಿತ್ತು” ಎಂದು ಇನ್ನೊಬ್ಬ. ನಮ್ಮನ್ನು ಕಂಡೊಡನೆ, “ಬನ್ನಿ ಮೇಷ್ಟ್ರೇ, ನೀವೇ ತೀರ್ಮಾನ ಹೇಳಿ” ಎಂದರು. ಮೇಷ್ಟರಿಕೆ ಬಿಟ್ಟು ವರ್ಷಗಳಾದರೂ ಆ ಹೆಸರು ನಮ್ಮನ್ನು ಬಿಟ್ಟಿಲ್ಲ. ತೀರ್ಮಾನ ಕೇಳಿದರೆ ಹೇಳದೆ ಹೋಗುವುದು ಮೇಷ್ಟರ ಜಾಯಮಾನವೂ ಅಲ್ಲ.

ಆಟ ಗೊತ್ತಿಲ್ಲದ ವಾಚಕರಿಗಾಗಿ ಎರಡು ಮಾತು. ಈ ಕಾರ್ಯಕ್ರಮ ಅಮೆರಿಕಾದಲ್ಲಿ 2004ರ ಜನವರಿಯಲ್ಲಿ ಆರಂಭವಾಯಿತು. ಮೊದಲ ಸರಣಿಯಲ್ಲಿ 16 ಮಂದಿ ಉಮೇದುವಾರರು. ಗೆದ್ದವರಿಗೆ ಟ್ರಂಪ್ ಅವರ ಕಂಪನಿಯಲ್ಲಿ ಒಂದು ವರ್ಷದ ನೌಕರಿ; ಸಂಬಳ ಎರಡೂವರೆ ಲಕ್ಷ ಡಾಲರು. ಉಮೇದುವಾರರನ್ನು ಎರಡು ತಂಡ ಮಾಡುತ್ತಾರೆ. ಪ್ರತಿ ಬಾರಿಯೂ ಒಂದು ವ್ಯಾಪಾರದ ಕೆಲಸ. ಮೊಟ್ಟಮೊದಲ ಕೆಲಸ ನ್ಯೂಯಾರ್ಕಿನ ಬೀದಿಯಲ್ಲಿ ನಿಂಬೆ ಪಾನಕ ಮಾರುವುದು. ಸೋತ ತಂಡ ಧಣಿಯ ಕೋಣೆಗೆ ಹೋಗಬೇಕು. ಆ ತಂಡದ ಮುಂದಾಳು ತನ್ನ ಜೊತೆಗಾರರಲ್ಲಿ ತಪ್ಪಿತಸ್ಥರೆಂದು ಕೆಲವರನ್ನು ಹೆಸರಿಸಬೇಕು. ಕೊನೆಗೆ ಧಣಿ ಒಬ್ಬರತ್ತ ಕೈ ಚಾಚಿ ‘ಯೂ ಆರ್ ಫೈರ್ಡ್’ ಎನ್ನುತ್ತಾರೆ. ಅವರು ಪೆಟ್ಟಿಗೆ ಎಳೆದುಕೊಂಡು ಮನೆಗೆ ಹೊರಡುತ್ತಾರೆ. 2005ರಿಂದ ಇಂಗ್ಲೆಂಡಿನಲ್ಲಿಯೂ ಇದೇ ಆಟ ನಡೆಯಿತು. ಅಲ್ಲಿ ಕುರ್ಚಿಯ ಮೇಲೆ ಅಲನ್ ಶುಗರ್ ಎಂಬ ಉದ್ಯಮಿ. ನಮ್ಮಲ್ಲಿಯೂ 2013ರಲ್ಲಿ ಕನ್ನಡದ ಬಿಗ್ ಬಾಸ್ ಬಂದಾಗಿನಿಂದ ‘ಎಲಿಮಿನೇಷನ್’ ಎಂಬ ಮಾತು ಹಳ್ಳಿಹಟ್ಟಿಗಳಿಗೂ ಗೊತ್ತಾಗಿದೆ.

ಹುಡುಗರು ಜಗಳವಾಡುತ್ತಿದ್ದದ್ದು 2004ರ ಸೆಪ್ಟೆಂಬರಿನಲ್ಲಿ ಆರಂಭವಾದ ಎರಡನೆಯ ಸರಣಿಯ ಒಂದು ಪ್ರಕರಣದ ಮೇಲೆ. ಬ್ರಾಡ್‌ಫರ್ಡ್ ಕೋಹೆನ್ ಎಂಬ ವಕೀಲ ಮೊದಲ ವಾರ ತಂಡದ ಮುಂದಾಳಾಗಿ ಗೆಲುವು ತಂದುಕೊಟ್ಟಿದ್ದ. ಅದರ ಬಹುಮಾನವಾಗಿ ಮರುವಾರ ಅವನನ್ನು ಯಾರೂ ಹೊರಗೆ ಹಾಕುವಂತಿರಲಿಲ್ಲ. ಅದು ಅವನಿಗೆ ದೊರೆತ ರಕ್ಷಣೆ. ಮರುವಾರದ ಕೆಲಸ ಹೊಸ ರುಚಿಯ ಐಸ್‌ಕ್ರೀಮ್ ಮಾಡಿಸಿ ಮಾರುವುದು. ಆಗ ಮುಂದಾಳು ಇವಾನಾ ಮಾ ಎಂಬ ಹೆಣ್ಣುಮಗಳು. ತಂಡ ಸೋತಿತು. ಕೋಣೆಯಲ್ಲಿ ಬ್ರಾಡ್‌ಫರ್ಡ್ ತನ್ನ ಜೊತೆಗಾರರ ಮುಂದೆ ಎದೆಯುಬ್ಬಿಸಿ, “ನನಗೆ ರಕ್ಷಣೆ ಬೇಡ, ಉಳಿದವರ ಹಾಗೆಯೇ ನಾನೂ” ಎಂಬರ್ಥದ ಮಾತಾಡಿದ. ಟ್ರಂಪ್ ಅವನನ್ನೇ ಹೊರಗೆ ಹಾಕಿದರು. ಕೈಯಲ್ಲಿದ್ದ ರಕ್ಷಣೆಯನ್ನು ದುಡುಕಿ ಬಿಟ್ಟುಕೊಡುವವನು ಮುಂದೆ ಕಂಪನಿಯನ್ನೂ ಹಾಗೆಯೇ ಮುಳುಗಿಸಿಯಾನು ಎಂಬುದು ಅವರ ವಾದ. ಸೋತ ಕೆಲಸದ ಮುಂದಾಳು ಉಳಿದಳು. ಹಿಂದಿನ ವಾರ ಗೆಲ್ಲಿಸಿದವನು ಮನೆಗೆ ಹೋದ.

ನಾವು ಕೂಡಲೇ ತೀರ್ಪು ಕೊಡಲಿಲ್ಲ. ಈ ಕಥೆಯನ್ನು ಜೇಬಿನಲ್ಲಿಟ್ಟುಕೊಂಡು ನಾಲ್ಕೂ ಊರುಗಳಲ್ಲಿ ಜನರ ಮುಂದೆ ಬಿಚ್ಚಿದೆವು. ನಾಲ್ಕು ಊರು ನಾಲ್ಕು ಉತ್ತರ ಕೊಟ್ಟವು.

ಹೊನ್ನಾಳಿಯಲ್ಲಿಯೇ ಅಂದು ಸಂಜೆ ಅಕ್ಕಿ ಗಿರಣಿಯ ಹಮಾಲರ ಕೂಟದಲ್ಲಿ ಕೇಳಿದೆವು. ಅವರದು ಗುಂಪಿನ ಕೆಲಸ. ಬಂದ ಕೂಲಿಯನ್ನು ಸಮನಾಗಿ ಹಂಚಿಕೊಳ್ಳುತ್ತಾರೆ. ಹಿರಿಯ ಹಮಾಲರೊಬ್ಬರು ಹೇಳಿದರು: “ಮೇಷ್ಟ್ರೇ, ನಮ್ಮಲ್ಲಿ ಒಬ್ಬನಿಗೆ ಜ್ವರ ಬಂದರೆ ಅವನ ಮೂಟೆ ನಾವು ಹೊರುತ್ತೇವೆ. ಒಂದು ದಿನ ಲೋಡು ಕಡಿಮೆ ಬಿತ್ತು ಅಂತ ಯಾರನ್ನೂ ಗುಂಪಿನಿಂದ ಬಿಡೋದಿಲ್ಲ. ಬಿಡೋದು ಒಂದೇ ತಪ್ಪಿಗೆ, ಕಳ್ಳತನಕ್ಕೆ. ಆ ವಕೀಲ ಕದ್ದನೇ?” ಕದ್ದಿರಲಿಲ್ಲ. “ಹಂಗಾರೆ ಬಿಡಂಗಿಲ್ಲ” ಎಂದು ಬೀಡಿ ಹಚ್ಚಿದರು.

ಚನ್ನಗಿರಿ ಕಡೆ ಅಡಿಕೆ ಸುಲಿಯುವ ಹೆಂಗಸರನ್ನು ಕೇಳಿದೆವು. ಅವರಲ್ಲಿ ಸುಲಿದಷ್ಟಕ್ಕೆ ಕೂಲಿ. ಪ್ರತಿಯೊಬ್ಬಳ ರಾಶಿ ಬೇರೆ, ಅಳತೆ ಬೇರೆ. ಅವರು ಕೇಳಿದ್ದು ಒಂದೇ ಮಾತು: “ಯಾರ ರಾಶಿ ಎಷ್ಟಿತ್ತಣ್ಣ?” ಈ ಆಟದಲ್ಲಿ ರಾಶಿ ಬೇರೆ ಬೇರೆ ಇರುವುದಿಲ್ಲವೆಂದು ಹೇಳಿದೆವು. ಐಸ್‌ಕ್ರೀಮಿನ ರುಚಿಯನ್ನು ಒಬ್ಬರು ಆರಿಸಿದರು, ಬೆಲೆಯನ್ನು ಇನ್ನೊಬ್ಬರು ಕಟ್ಟಿದರು, ನಿಂತು ಮಾರಿದವರು ಮತ್ತೊಬ್ಬರು. “ರಾಶಿ ಬೇರೆ ಮಾಡದೆ ಸೋಮಾರಿ ಯಾರು ಅಂತ ಹೇಗೆ ಗೊತ್ತಾಯ್ತು? ಗೊತ್ತಾಗದಿದ್ದರೆ ಕೆಲಸ ಹಚ್ಚಿದವಳು ಲೆಕ್ಕ ಕೊಡಬೇಕು” ಎಂದರು. ಇದೂ ನ್ಯಾಯವಾದ ಮಾತೇ.

ನ್ಯಾಮತಿಯಲ್ಲಿ ಕಿರಾಣಿ ಅಂಗಡಿಯ ಕಟ್ಟೆಯ ಮೇಲೆ ಮಾತು ಬೇರೆ ದಿಕ್ಕು ಹಿಡಿಯಿತು. ಅಂಗಡಿಯವರು ಟ್ರಂಪ್ ಅವರ ಪಕ್ಷ. “ರಕ್ಷಣೆ ಅಂದರೆ ಬಂಡವಾಳ ಇದ್ದಹಾಗೆ. ಗತ್ತಿಗೆ ಬಿದ್ದು ಬಂಡವಾಳ ಬಿಟ್ಟವನು ವ್ಯಾಪಾರಸ್ಥನಲ್ಲ. ನೀವು ಸಂಘದವರು ಯಾರನ್ನೂ ತೆಗೆಯಬೇಡಿ ಅನ್ನುತ್ತೀರಿ. ಮೆಕ್ಕೆಜೋಳದ ಬೆಲೆ ಬಿದ್ದು ರೈತರು ಉದ್ರಿ ತೀರಿಸದಿದ್ದರೆ ನಮ್ಮ ಅಂಗಡಿ ನಡೆಯುವುದಿಲ್ಲ. ಇಬ್ಬರು ಹುಡುಗರಲ್ಲಿ ಒಬ್ಬನನ್ನು ಬಿಡಲೇಬೇಕು. ಆಗ ಯಾರನ್ನು ಬಿಡಬೇಕೆಂದು ಹೇಳಿ” ಎಂದರು. ಈ ಮಾತನ್ನು ನಾವು ನಕ್ಕು ತಳ್ಳಿಹಾಕಲಿಲ್ಲ. ತಳ್ಳಿಹಾಕುವ ಮಾತೂ ಅದಲ್ಲ. ಅದಕ್ಕೆ ಉತ್ತರವನ್ನು ಮುಂದೆ ಕೊಡುತ್ತೇವೆ.

ಜಗಳೂರಿನಲ್ಲಿ ನಮಗೆ ಉತ್ತರ ಕೊಟ್ಟವರು ಒಬ್ಬ ಮುದುಕರು. ಬರಗಾಲದ ಆ ಸೀಮೆಯಿಂದ ಹರೆಯದಲ್ಲಿ ದಾವಣಗೆರೆಗೆ ಬಂದು ಹತ್ತಿ ಗಿರಣಿಯಲ್ಲಿ ಮಗ್ಗದ ಮುಂದೆ ನಿಂತವರು. ಗಿರಣಿ ಮುಚ್ಚಿದ ಮೇಲೆ ತಿರುಗಿ ಊರು ಸೇರಿ ಶೇಂಗಾ ಬಿತ್ತಿದವರು. ಕಥೆಯನ್ನೆಲ್ಲ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು: “ಅದಿರಲಿ ಮೇಷ್ಟ್ರೇ, ವಾರಕ್ಕೊಬ್ಬ ಯಾಕೆ ಹೋಗಲೇಬೇಕು?”

ನಾವು ನಿರುತ್ತರರಾದೆವು. ಹೊನ್ನಾಳಿಯ ಹುಡುಗರು, ಅಮೆರಿಕಾದ ಲಕ್ಷಾಂತರ ಪ್ರೇಕ್ಷಕರು, ನಾವೂ ಸೇರಿದಂತೆ ಎಲ್ಲರೂ ‘ಯಾರು’ ಎಂದು ಕೇಳುತ್ತಿದ್ದೆವು. ‘ಯಾಕೆ’ ಎಂದು ಯಾರೂ ಕೇಳಿರಲಿಲ್ಲ.

ಯಾಕೆಂಬುದಕ್ಕೆ ಉತ್ತರ ಸರಳವಾಗಿದೆ. ಆಟ ಇಷ್ಟು ವಾರ ನಡೆಯಬೇಕು, ಕೊನೆಗೆ ಒಬ್ಬರೇ ಉಳಿಯಬೇಕು ಎಂದು ಮೊದಲೇ ಗೊತ್ತುಮಾಡಿದ್ದಾರೆ. ಸೋತ ತಂಡದವರೆಲ್ಲರೂ ಪ್ರಾಮಾಣಿಕವಾಗಿ ದುಡಿದಿದ್ದರೂ ಒಬ್ಬರು ಹೋಗಲೇಬೇಕು. ಅಂದಮೇಲೆ ಅದು ತಪ್ಪಿಗೆ ಶಿಕ್ಷೆಯಲ್ಲ. ಜಾಗ ಕಡಿಮೆಯೆಂದು ಆಳು ಕಡಿಮೆ ಮಾಡುವುದು. ಗಿರಣಿಯ ಭಾಷೆಯಲ್ಲಿ ಹೇಳುವುದಾದರೆ ಅದು ರಿಟ್ರೆಂಚ್‌ಮೆಂಟು, ಡಿಸ್‌ಮಿಸ್ ಅಲ್ಲ. ಆದರೆ ಆ ಕೋಣೆಯಲ್ಲಿ ಅದನ್ನು ಹಾಗೆಂದು ಹೇಳುವುದಿಲ್ಲ. ಹೋಗುವವನ ಮೈಮೇಲೆ ಒಂದು ತಪ್ಪನ್ನು ಹುಡುಕಿ ಅಂಟಿಸಿ ಕಳಿಸುತ್ತಾರೆ. ‘ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ’ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೇ?

ನಾವು ಮೇಷ್ಟರಾಗಿದ್ದ ಕಾಲದ ಒಂದು ತಪ್ಪನ್ನು ಇಲ್ಲಿ ಒಪ್ಪಿಕೊಳ್ಳಬೇಕು. ತರಗತಿ ಬಿಟ್ಟು ಹೋಗುವಾಗ ಲೀಡರ್ ಹುಡುಗನಿಗೆ, “ಗಲಾಟೆ ಮಾಡುವವರ ಹೆಸರು ಬೋರ್ಡಿನ ಮೇಲೆ ಬರಿ” ಎಂದು ಹೇಳಿ ಹೋಗುತ್ತಿದ್ದೆವು. ಬಂದು ನೋಡಿದರೆ ಐದು ಹೆಸರು. ಐವರಿಗೂ ಏಟು. ಬಹಳ ದಿನಗಳ ಮೇಲೆ ತಿಳಿಯಿತು: ಲೀಡರಿನ ಗೆಳೆಯರು ಎಷ್ಟು ಕೂಗಿದರೂ ಅವರ ಹೆಸರು ಬೋರ್ಡಿಗೆ ಏರುತ್ತಿರಲಿಲ್ಲ, ಅವನಿಗೆ ಪೆನ್ಸಿಲು ಕೊಡದ ಒಬ್ಬ ಬಡ ಹುಡುಗನ ಹೆಸರು ದಿನವೂ ಇರುತ್ತಿತ್ತು. ಆ ಹುಡುಗ ಒಂದು ದಿನವೂ “ನಾನಲ್ಲ ಸಾರ್” ಎನ್ನಲಿಲ್ಲ. ಹೇಳಿದರೂ ನಾವು ಕೇಳುವವರಲ್ಲವೆಂದು ಅವನಿಗೆ ಗೊತ್ತಿತ್ತು. ಟ್ರಂಪ್ ಅವರ ಕೋಣೆಯ ಕಟ್ಟಳೆಯೂ ಇದೇ. ಸೋಲಿಗೆ ಮೊದಲ ಹೊಣೆಗಾರನಾದ ಮುಂದಾಳಿನ ಕೈಗೇ ಸೀಮೆಸುಣ್ಣ ಕೊಟ್ಟು, ತಪ್ಪಿತಸ್ಥರ ಹೆಸರು ಬರಿ ಎನ್ನುತ್ತಾರೆ. ತನ್ನ ಮೊಕದ್ದಮೆಗೆ ತಾನೇ ನ್ಯಾಯಾಧೀಶನಾಗಬಾರದೆಂಬುದು ಹಳ್ಳಿಯ ಪಂಚಾಯಿತಿಗೂ ಗೊತ್ತಿರುವ ನೀತಿ.

ಇನ್ನು ಆ ಕುರ್ಚಿಯ ವಿಷಯ. ಬ್ರಾಡ್‌ಫರ್ಡನ ದುಡುಕು ಕಂಪನಿಯನ್ನು ಮುಳುಗಿಸುತ್ತದೆಂದು ತೀರ್ಪಾದದ್ದು 2004ರಲ್ಲಿ. ಅದೇ 2004ರ ನವೆಂಬರಿನಲ್ಲಿ ಟ್ರಂಪ್ ಅವರ ಹೆಸರಿನ ಹೋಟೆಲು ಮತ್ತು ಜೂಜುಗೃಹಗಳ ಕಂಪನಿ ಸಾಲದ ಭಾರ ತಾಳಲಾರದೆ ದಿವಾಳಿ ಕಾನೂನಿನ ರಕ್ಷಣೆ ಕೇಳಿಕೊಂಡು ನ್ಯಾಯಾಲಯಕ್ಕೆ ಹೋಯಿತು. ಐಸ್‌ಕ್ರೀಮ್ ಸೋತವರಿಗೆ ಪೆಟ್ಟಿಗೆ. ಕಂಪನಿ ದಿವಾಳಿಯೆದ್ದವರಿಗೆ ಕುರ್ಚಿ. ನಮ್ಮ ದೇಶದಲ್ಲಿ 2021ರ ಡಿಸೆಂಬರಿನಲ್ಲಿ ‘ಶಾರ್ಕ್ ಟ್ಯಾಂಕ್ ಇಂಡಿಯಾ’ ಎಂಬ ಕಾರ್ಯಕ್ರಮ ಆರಂಭವಾಯಿತು. ಅಲ್ಲಿ ಸಣ್ಣ ಉದ್ಯಮಿಗಳು ಹಣವಂತರ ಮುಂದೆ ನಿಂತು ಬಂಡವಾಳ ಬೇಡುತ್ತಾರೆ. ಅದರ ಮೊದಲ ಸರಣಿಯಲ್ಲಿ ಬಂದವರ ವ್ಯಾಪಾರವನ್ನು ಕಟುವಾಗಿ ಜರೆದು ಹೆಸರಾದವರು ಅಶ್ನೀರ್ ಗ್ರೋವರ್. ಸರಣಿ ಮುಗಿದು ತಿಂಗಳಾಗುವಷ್ಟರಲ್ಲಿ, 2022ರ ಮಾರ್ಚಿಯಲ್ಲಿ, ತಾವೇ ಕೂಡಿ ಕಟ್ಟಿದ್ದ ಭಾರತ್‌ಪೇ ಕಂಪನಿಯಿಂದ ವಿವಾದದ ನಡುವೆ ರಾಜೀನಾಮೆ ಕೊಟ್ಟು ಹೊರಬಂದರು. ಯಾರನ್ನೂ ಹೀಯಾಳಿಸಲು ನಾವು ಇದನ್ನು ಬರೆಯುತ್ತಿಲ್ಲ. ಕುರ್ಚಿಯ ಮೇಲೆ ಕುಳಿತವರಿಗೂ ಸೋಲು ಬರುತ್ತದೆ, ಆದರೆ ಅವರ ಸೋಲಿಗೆ ಸಮಜಾಯಿಷಿ ಇರುತ್ತದೆ, ವಕೀಲರಿರುತ್ತಾರೆ, ಮಾತಾಡಲು ಹೊತ್ತಿರುತ್ತದೆ ಎಂಬುದಷ್ಟೇ ನಮ್ಮ ಮಾತು.

“ಟೆಲಿವಿಷನ್ ಆಟಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕೇ?” ಎಂದು ಕೆಲವರು ಕೇಳಬಹುದು. ಆಟ ಕೋಣೆಯಲ್ಲೇ ಉಳಿದಿದ್ದರೆ ಬೇಕಿರಲಿಲ್ಲ. 2025ರ ಜನವರಿಯಲ್ಲಿ ಟ್ರಂಪ್ ಅವರು ಎರಡನೆಯ ಬಾರಿ ಅಮೆರಿಕಾದ ಅಧ್ಯಕ್ಷರಾದರು. ಮರುತಿಂಗಳೇ ಅಲ್ಲಿನ ಕೇಂದ್ರ ಸರಕಾರದ ಸಾವಿರಾರು ಹೊಸ ನೌಕರರನ್ನು ಒಮ್ಮೆಗೇ ತೆಗೆದುಹಾಕಲಾಯಿತು. ಅವರಲ್ಲಿ ಬಹುಮಂದಿಗೆ ಬಂದ ಪತ್ರದಲ್ಲಿ ಕೊಟ್ಟ ಕಾರಣ, ನಿಮ್ಮ ಕೆಲಸದ ಗುಣಮಟ್ಟ ಸಾಲದು ಎಂಬುದು. ಒಳ್ಳೆಯ ಕೆಲಸಗಾರರೆಂದು ಮೇಲಧಿಕಾರಿಗಳಿಂದ ಬರೆಸಿಕೊಂಡವರಿಗೂ ಅದೇ ಪತ್ರ. ಪ್ರಕರಣ ನ್ಯಾಯಾಲಯದವರೆಗೂ ಹೋಯಿತು. ಸಂಖ್ಯೆ ಕಡಿಮೆ ಮಾಡಬೇಕೆಂಬುದು ನಿಜವಾದ ಕಾರಣ. ನೀನು ನಾಲಾಯಕ್ಕು ಎಂಬುದು ಬರೆದ ಕಾರಣ. ಕೋಣೆಯ ಕಟ್ಟಳೆ ಹೀಗೆ ಸರಕಾರಿ ಕಚೇರಿಗೆ ಬಂತು.

ನಮ್ಮ ದೇಶದ ಕಾರ್ಮಿಕರು ಈ ಎರಡನ್ನೂ ಬೇರೆ ಬೇರೆ ಮಾಡಿಸಿಕೊಳ್ಳಲು ಹೋರಾಡಿದವರು. 1946ರ ಸ್ಥಾಯಿ ಆದೇಶಗಳ ಕಾಯಿದೆ ಬಂದ ಮೇಲೆ, ಅದಕ್ಕೆ ಒಳಪಟ್ಟ ಕಾರ್ಖಾನೆಯಲ್ಲಿ ತಪ್ಪು ಮಾಡಿದವನೆಂದು ತೆಗೆಯಬೇಕಾದರೆ ಆರೋಪವನ್ನು ಬರೆದು ಕೊಡಬೇಕು, ಅವನ ಮಾತನ್ನು ಕೇಳಬೇಕು. ಕೆಲಸವಿಲ್ಲವೆಂದು ತೆಗೆಯಬೇಕಾದರೆ ಬೇರೆ ದಾರಿ. 1947ರ ಕೈಗಾರಿಕಾ ವಿವಾದಗಳ ಕಾಯಿದೆಗೆ 1953ರಲ್ಲಿ ಸೇರಿದ ಕಲಮುಗಳ ಪ್ರಕಾರ ಒಂದು ತಿಂಗಳ ನೋಟೀಸು ಅಥವಾ ಅದರ ಸಂಬಳ, ದುಡಿದ ಪ್ರತಿ ವರ್ಷಕ್ಕೆ 15 ದಿನದ ಸಂಬಳದ ಪರಿಹಾರ, ಮತ್ತು ಸಾಮಾನ್ಯವಾಗಿ ಕೊನೆಗೆ ಬಂದವನು ಮೊದಲು ಹೊರಗೆ. ಈ ಕೊನೆಯ ನಿಯಮದ ಸೊಗಸನ್ನು ವಾಚಕರು ಗಮನಿಸಬೇಕು. ಅದು ಯಾರನ್ನೂ ಸೋಮಾರಿ ಎನ್ನುವುದಿಲ್ಲ, ದಡ್ಡ ಎನ್ನುವುದಿಲ್ಲ. ಸೇರಿದ ತಾರೀಖು ನೋಡುತ್ತದೆ, ಅಷ್ಟೇ. ಹೊರಗೆ ಹೋದವನು ತಲೆಯೆತ್ತಿಕೊಂಡು ಇನ್ನೊಂದು ಗೇಟಿನ ಮುಂದೆ ನಿಲ್ಲಬಹುದು.

2025ರ ನವೆಂಬರ್ 21ರಿಂದ ಈ ಹಳೆಯ ಕಾಯಿದೆಗಳ ಜಾಗಕ್ಕೆ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ನೋಟೀಸು, ಪರಿಹಾರ, ಕೊನೆಗೆ ಬಂದವನು ಮೊದಲು ಎಂಬ ನಿಯಮಗಳು ಅದರಲ್ಲಿಯೂ ಇವೆ. ಆದರೆ ಕಾರ್ಖಾನೆಯಲ್ಲಿ ಆಳು ಕಡಿತಕ್ಕೂ ಬೀಗಮುದ್ರೆಗೂ ಮೊದಲು ಸರಕಾರದ ಅನುಮತಿ ಬೇಕೆಂಬ ನಿಯಮ ಹಿಂದೆ 100 ಕೆಲಸಗಾರರಿದ್ದ ಕಡೆ ಅನ್ವಯಿಸುತ್ತಿದ್ದದ್ದು, ಈಗ 300 ಇದ್ದರೆ ಮಾತ್ರ. ಸ್ಥಾಯಿ ಆದೇಶಗಳಿಗೂ ಸಂಹಿತೆ ಅದೇ 300ರ ಗೆರೆ ಎಳೆದಿದೆ. ನಮ್ಮ ತಾಲ್ಲೂಕುಗಳ ಅಕ್ಕಿ ಗಿರಣಿ, ಎಣ್ಣೆ ಗಿರಣಿ, ಅಡಿಕೆ ಮಂಡಿ, ಮಂಡಕ್ಕಿ ಭಟ್ಟಿ, ಇವುಗಳಲ್ಲಿ 300 ಜನ ಇರುವುದು ಎಷ್ಟರಲ್ಲಿ? ವಾಚಕರೇ ಬೆರಳು ಮಡಿಸಿ ಎಣಿಸಲಿ. ಉಳಿದವರಿಗೆ ಧಣಿಯ ಕೋಣೆಯೇ ಗತಿ.

ಜಗಳೂರಿನ ಮುದುಕರ ಕಡೆಗೆ ತಿರುಗೋಣ. ದಾವಣಗೆರೆಯನ್ನು ಒಂದು ಕಾಲದಲ್ಲಿ ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದರು. ಗಿರಣಿ ಕಾರ್ಮಿಕರ ಮುಂದಾಳು ಪಂಪಾಪತಿಯವರನ್ನು 1978, 1983, 1985ರಲ್ಲಿ ಮೂರು ಬಾರಿ ವಿಧಾನಸಭೆಗೆ ಆರಿಸಿ ಕಳಿಸಿದ ಊರು ಅದು. ಆ ಹತ್ತಿ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಹಳೆಯ ಯಂತ್ರಗಳನ್ನು ಬದಲಿಸಲಿಲ್ಲ, ವಿದ್ಯುತ್ ಮಗ್ಗಗಳ ಅಗ್ಗದ ಬಟ್ಟೆ ಬಂತು, ಸಾಲ ಬೆಳೆಯಿತು. ಹರಿಹರದಲ್ಲಿ 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯೂ ಕೊನೆಗೆ ಮುಚ್ಚಿತು. ಗಿರಣಿ ಮುಚ್ಚಿದ ದಿನ ಎಲ್ಲರಿಗಿಂತ ಚೆನ್ನಾಗಿ ನೇಯುವವನೂ ಹೊರಗೆ, ಕೆಲಸಕ್ಕೆ ತಡವಾಗಿ ಬರುವವನೂ ಹೊರಗೆ. ಮುದುಕರು ನಮಗೆ ಹೇಳಿದ್ದು: “ನನ್ನ ಥಾನಿನಲ್ಲಿ ಒಂದು ಎಳೆ ತಪ್ಪಿದ್ದು ತೋರಿಸಲಿ ಅಂತ ಕೇಳಿದೆ. ಕೇಳಿಸಿಕೊಳ್ಳೋಕೆ ಅಲ್ಲಿ ಯಾರೂ ಇರಲಿಲ್ಲ. ಊರಿಗೆ ಬಂದರೆ ಜನ, ನೀವು ಕೆಲಸ ಮಾಡದೆ ಜಿಂದಾಬಾದ್ ಕೂಗಿ ಮಿಲ್ ಮುಚ್ಚಿಸಿದಿರಿ ಅಂದರು.” ಕೆಲಸ ಹೋಗಿ ಎಷ್ಟೋ ವರ್ಷಗಳಾದವು, ಆ ನೋವು ಹಳತಾಗಿದೆ. ಆದರೆ ಆ ಮಾತು ಇನ್ನೂ ಹಸಿಯಾಗಿದೆ. ಮನುಷ್ಯನ ಅನ್ನ ಕಿತ್ತುಕೊಳ್ಳುವುದು ಒಂದು ಅನ್ಯಾಯವಾದರೆ, ಅವನ ಹೆಸರನ್ನೂ ಕಿತ್ತುಕೊಳ್ಳುವುದು ಎರಡನೆಯದು.

ಈಗ ನ್ಯಾಮತಿಯ ಅಂಗಡಿಯವರಿಗೆ ನಮ್ಮ ಉತ್ತರ. ವ್ಯಾಪಾರ ಇಳಿದಾಗ ಇಬ್ಬರಲ್ಲಿ ಒಬ್ಬನನ್ನು ಬಿಡಬೇಕಾದ ದಿನ ಬರಬಹುದು. ಬರುವುದಿಲ್ಲವೆಂದು ನಾವು ವಾದಿಸುವುದಿಲ್ಲ. ಬಂದಾಗ ನಿಜವನ್ನು ಹೇಳಿ. “ತಮ್ಮಾ, ವ್ಯಾಪಾರವಿಲ್ಲ, ನಿನ್ನ ತಪ್ಪಲ್ಲ” ಎನ್ನಿ. ಒಂದು ತಿಂಗಳ ಸಂಬಳ ಕೈಗೆ ಕೊಡಿ. ಪಕ್ಕದ ಅಂಗಡಿಗೆ, ಹುಡುಗ ಒಳ್ಳೆಯವನೆಂದು ಒಂದು ಮಾತು ಹೇಳಿ. ನಿಜವಾಗಿಯೂ ತಪ್ಪು ಮಾಡಿದ್ದರೆ ಆ ತಪ್ಪನ್ನು ಅವನ ಮುಂದೆಯೇ ಹೇಳಿ, ಅವನ ಮಾತನ್ನೂ ಕೇಳಿ, ನಿಮ್ಮಿಬ್ಬರಿಗೂ ಬೇಕಾದ ಮೂರನೆಯವರೊಬ್ಬರನ್ನು ಕೂರಿಸಿಕೊಳ್ಳಿ. ಇದಕ್ಕೆ 300 ಆಳು ಬೇಕಿಲ್ಲ, ಕಾಯಿದೆಯೂ ಬೇಕಿಲ್ಲ. ಮೊಬೈಲಿನಲ್ಲಿ ಒತ್ತಿದರೆ ಮನೆಗೇ ಸಾಮಾನು ಬರುವ ಈ ದಿನಗಳಲ್ಲಿ ನಿಮ್ಮ ಅಂಗಡಿಯನ್ನೂ ಹೊರಗೆ ಹಾಕಲು ದೂರದ ಊರಿನ ಯಾವುದೋ ಕೋಣೆಯಲ್ಲಿ ಬೆರಳು ಏಳುತ್ತಿದೆ. ಆ ಕೋಣೆಯಲ್ಲಿ ನಿಮ್ಮ ಮಾತನ್ನು ಯಾರೂ ಕೇಳುವುದಿಲ್ಲ. ಕೇಳಿಸಿಕೊಳ್ಳದೆ ಹೊರಗೆ ಹಾಕುವುದು ಎಂಥದೆಂಬುದು ನಿಮಗೂ ಅರ್ಥವಾಗಬೇಕು.

ನಮ್ಮ ಮನೆಯನ್ನೂ ನಾವು ಗುಡಿಸಿಕೊಳ್ಳಬೇಕು. ಚುನಾವಣೆಯಲ್ಲಿ ಸೋತ ಮರುದಿನ, ಮುಷ್ಕರ ಮುರಿದ ಮರುದಿನ, ನಮ್ಮ ಸಮಿತಿಗಳಲ್ಲಿ ನಡೆಯುವುದೇನು? ಮುಂದಾಳುಗಳು ಸೀಮೆಸುಣ್ಣ ಹಿಡಿಯುತ್ತಾರೆ. ಸಭೆಗೆ ಬಾರದ ಬಡ ಕಾರ್ಯಕರ್ತನ ಹೆಸರು ಬೋರ್ಡಿಗೆ ಏರುತ್ತದೆ. ಧಣಿಯ ಕೋಣೆಯನ್ನು ಬೈಯುವ ನಾವು ನಮ್ಮ ಕಚೇರಿಯಲ್ಲೇ ಅಂಥದೊಂದು ಕೋಣೆ ಕಟ್ಟಿಕೊಂಡರೆ ನಮ್ಮ ಮಾತಿಗೆ ಮೂರು ಕಾಸಿನ ಬೆಲೆಯೂ ಉಳಿಯದು.

ಕೊನೆಗೆ ಹೊನ್ನಾಳಿಯ ಹುಡುಗರಿಗೆ ಕೊಡಬೇಕಾದ ತೀರ್ಪು. ಬ್ರಾಡ್‌ಫರ್ಡ್ ಮಾಡಿದ್ದು ಗತ್ತಿನ ಕೆಲಸವೆಂಬುದನ್ನು ನಾವು ಒಪ್ಪುತ್ತೇವೆ. ಆದರೆ ಅಂದು ವಿಚಾರಣೆಗೆ ಬಂದದ್ದು ಐಸ್‌ಕ್ರೀಮಿನ ಸೋಲು, ಅವನ ಗತ್ತಲ್ಲ. ಬಿಟ್ಟುಕೊಟ್ಟ ರಕ್ಷಣೆಯಿಂದ ನಷ್ಟವಾದದ್ದು ಅವನಿಗೇ ಹೊರತು ತಂಡಕ್ಕಲ್ಲ. ಆಟದ ಕಟ್ಟಳೆಯಂತೆ ಒಬ್ಬರು ಹೋಗಲೇಬೇಕಿದ್ದರೆ ಕೆಲಸ ಹಚ್ಚಿದ ಮುಂದಾಳು ಲೆಕ್ಕ ಕೊಡಬೇಕಿತ್ತು. ಚನ್ನಗಿರಿಯ ಅಕ್ಕಂದಿರ ಮಾತೇ ನಮ್ಮ ಮಾತು. ಆದರೆ ಒಂದು ದಿನ ವ್ಯಾಪಾರ ಸೋತದ್ದಕ್ಕೆ ಅವಳ ಅನ್ನ ಕೀಳಬೇಕೇ ಎಂದು ಕೇಳಿದರೆ, ಬೇಡವೆನ್ನುತ್ತೇವೆ.

ಇನ್ನು ಮುಂದೆ ಮೊಬೈಲಿನಲ್ಲಾಗಲಿ, ಗಿರಣಿಯ ಗೇಟಿನಲ್ಲಾಗಲಿ ಯಾರನ್ನಾದರೂ ಹೊರಗೆ ಕಳಿಸುವುದನ್ನು ಕಂಡಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ತಪ್ಪು ಯಾರದು? ಅದನ್ನು ತಿದ್ದುವ ಅಧಿಕಾರ ಅವನ ಕೈಯಲ್ಲಿತ್ತೇ? ಅವನ ಮಾತನ್ನು ಕೇಳಿದವರು ಯಾರು? ಈ ಮೂರಕ್ಕೂ ಉತ್ತರ ಸಿಕ್ಕ ಮೇಲೆ ಜಗಳೂರಿನ ಮುದುಕರ ಪ್ರಶ್ನೆಯನ್ನೂ ಕೇಳಿ: ಯಾರಾದರೂ ಹೋಗಲೇಬೇಕು ಎಂದು ಗೊತ್ತುಮಾಡಿದವರು ಯಾರು?